ನಿನ್ನೆ ಕೂಗಿದ ಹುಂಜ ಇವತ್ತು ಸತ್ತು ಬಿದ್ದಿದೆ: ಕಾರಣ ಹುಡುಕುವುದು ಹೇಗೆ?

ಆಲೂರು ತಾಲ್ಲೂಕಿನ ನಮ್ಮೂರಲ್ಲಿ ಮುಂಗಾರು ಹಿಡಿದು ಹದಿನೈದು ದಿನ ಆಗಿತ್ತು. ಬೆಳಿಗ್ಗೆ ಅಮ್ಮ ಕೋಳಿಗೂಡಿನ ಬಾಗಿಲು ತೆಗೆದರು. ಹ್ಯಾಟೆಗಳು ಒಂದರ ಹಿಂದೆ ಒಂದು ಹೊರಗೆ ಬಂದವು. ಹುಂಜ ಬರಲಿಲ್ಲ. ಕೂರುವ ಗಳದ ಕೆಳಗೆ ಮಗ್ಗುಲಾಗಿ ಬಿದ್ದಿತ್ತು. ಎರಡು ವರ್ಷದ ಕೆಂಪು ಹುಂಜ. ಹಿಂದಿನ ದಿನ ಸಂಜೆ ಅಂಗಳದಲ್ಲಿ ನುಚ್ಚು ಹಾಕಿದಾಗ ಮೊದಲು ಓಡಿ ಬಂದಿದ್ದೇ ಅದು. ಮೈಮೇಲೆ ಗಾಯ ಇರಲಿಲ್ಲ. ಒಂದು ಹನಿ ರಕ್ತ ಇರಲಿಲ್ಲ. ಗೂಡಿನ ಬಾಗಿಲು ಹಾಕಿದ ಹಾಗೇ ಇತ್ತು.

"ಹಾವೇ ಮುಟ್ಟಿರೋದು ಕಣೇ, ನೋಡು ಮೈ ಹೆಂಗೆ ಕಪ್ಪಾಗಿದೆ" ಅಂದರು ಪಕ್ಕದ ಮನೆ ದೊಡ್ಡಮ್ಮ. "ಯಾರೋ ಇಲಿ ಪಾಷಾಣ ಇಟ್ಟಿರ್ತಾರೆ" ಅಂದರು ಚಿಕ್ಕಪ್ಪ. ಚಿಕ್ಕಪ್ಪನ ಮಗ ಮೊಬೈಲ್‌ನಲ್ಲಿ ಯಾವುದೋ ವಿಡಿಯೋ ನೋಡಿದ್ದ. "ದೊಡ್ಡಮ್ಮ, ಹಕ್ಕಿಜ್ವರ ಇರಬೋದು. ಉಳಿದವೂ ಸಾಯೋದ್ರೊಳಗೆ ಕುಯ್ದುಬಿಡಿ" ಅಂತ ಅಮ್ಮನಿಗೆ ಹೇಳಿದ. ಐದು ನಿಮಿಷದಲ್ಲಿ ಮೂರು ಕಾರಣ. ಮೂರೂ ಆಗಿರಲು ಸಾಧ್ಯ. ಮೂರಕ್ಕೂ ಮುಂದೆ ಮಾಡಬೇಕಾದ ಕೆಲಸ ಬೇರೆ ಬೇರೆ.

ಹಾಸನ, ಚಿಕ್ಕಮಗಳೂರು ಕಡೆ ಹಿತ್ತಲಲ್ಲಿ ನಾಲ್ಕು ಕೋಳಿ ಇಲ್ಲದ ಮನೆ ಕಡಿಮೆ. ಹೊಸತೊಡಕಿಗೋ ಹರಕೆಗೋ ಅಂತ ಬೆಳೆಸಿದ ಹುಂಜ ಹೀಗೆ ಸತ್ತರೆ ಮನೆಯವರಿಗೆ ನಿಜಕ್ಕೂ ನಷ್ಟ. ಉಳಿದ ಕೋಳಿಗಳ ಗತಿ ಏನು, ಮನೆ ಮಕ್ಕಳಿಗೆ ಏನಾದರೂ ಆಗುತ್ತದಾ ಅನ್ನುವ ಭಯ ಬೇರೆ. ಕಾರಣವನ್ನು ಹೆಜ್ಜೆ ಹೆಜ್ಜೆಯಾಗಿ ಹೇಗೆ ಹುಡುಕುತ್ತಾರೆ ಅನ್ನುವುದನ್ನು ನಮ್ಮ ಹುಂಜವನ್ನೇ ಇಟ್ಟುಕೊಂಡು ಹೇಳುತ್ತೇನೆ.

‘ಇದ್ದಕ್ಕಿದ್ದ ಹಾಗೆ’ ಸತ್ತಿತಾ?

ಕೋಳಿ ತನ್ನ ಕಾಯಿಲೆಯನ್ನು ಬಚ್ಚಿಡುತ್ತದೆ. ಕಾಡಿನಲ್ಲಿ ಸುಸ್ತಾಗಿ ಕೂತ ಹಕ್ಕಿಯ ಮೇಲೆ ಗಿಡುಗನ ಕಣ್ಣು ಮೊದಲು ಬೀಳುತ್ತದೆ. ಹಿಂಡಿನ ಬೇರೆ ಕೋಳಿಗಳೂ ಕುಕ್ಕಿ ಓಡಿಸುತ್ತವೆ. ಅದಕ್ಕೇ ಆಗುವಷ್ಟು ದಿನ ಗಟ್ಟಿಯಾಗಿರುವ ಹಾಗೆ ಓಡಾಡುತ್ತದೆ. ಹುಂಜ ಅಂತೂ ಹಿಂಡಿನ ಯಜಮಾನ, ಕೊನೆಯವರೆಗೂ ರೆಕ್ಕೆ ಇಳಿಬಿಡುವುದಿಲ್ಲ. ಹತ್ತು ದಿನದಿಂದ ಒಳಗೇ ಸೊರಗುತ್ತಿದ್ದ ಕೋಳಿಯೂ ಒಂದು ಬೆಳಿಗ್ಗೆ ಬಿದ್ದಾಗ ನಮ್ಮ ಕಣ್ಣಿಗೆ ಇದ್ದಕ್ಕಿದ್ದ ಹಾಗೆ ಸತ್ತಂತೆ ಕಾಣುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಕೈಗೆ ದಪ್ಪ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಸತ್ತ ಕೋಳಿಯ ಎದೆಯ ನಡುಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿ. ಅಲ್ಲೊಂದು ಉದ್ದನೆಯ ಮೂಳೆ ಇದೆ. ಅದರ ಎರಡೂ ಕಡೆ ಮಾಂಸ ತುಂಬಿಕೊಂಡಿದ್ದರೆ ಕೋಳಿ ನಿನ್ನೆ ಮೊನ್ನೆಯವರೆಗೆ ಚೆನ್ನಾಗೇ ಇತ್ತು. ಮೂಳೆ ಕತ್ತಿಯ ಅಂಚಿನ ಹಾಗೆ ಕೈಗೆ ಚುಚ್ಚಿದರೆ ವಾರಗಟ್ಟಲೆಯಿಂದ ಒಳಗೇ ಏನೋ ನಡೆದಿತ್ತು: ಜಂತುಹುಳ, ಗೆಡ್ಡೆ, ಹಳೆಯ ಸೋಂಕು.

ಆಮೇಲೆ ಕುತ್ತಿಗೆಯ ಬುಡ. ಅಲ್ಲಿ ತಿಂದ ಕಾಳು ಮೊದಲು ಬಂದು ನಿಲ್ಲುವ ಒಂದು ಚೀಲ ಇದೆ. ಅದು ತುಂಬಿದ್ದರೆ ಕೋಳಿ ಹಿಂದಿನ ಸಂಜೆ ಹೊಟ್ಟೆ ತುಂಬ ತಿಂದೇ ಮಲಗಿದೆ ಅಂತ ಅರ್ಥ. ಖಾಲಿ ಇದ್ದರೆ ಮೇವು ಬಿಟ್ಟು ದಿನವಾಗಿರಬಹುದು. ಕಲ್ಲಿನ ಹಾಗೆ ಗಟ್ಟಿಯಾಗಿ ಉಬ್ಬಿಕೊಂಡಿದ್ದರೆ ಉದ್ದ ಹುಲ್ಲೋ ದಾರವೋ ಸಿಕ್ಕಿ ದಾರಿ ಕಟ್ಟಿಕೊಂಡಿರುವ ಸಾಧ್ಯತೆ ಇದೆ.

ನಮ್ಮ ಹುಂಜದ ಎದೆ ತುಂಬಿಕೊಂಡಿತ್ತು. ಚೀಲದಲ್ಲಿ ನುಚ್ಚು ಕೈಗೆ ಸಿಗುತ್ತಿತ್ತು. ಅಂದರೆ ಇದು ನಿಜವಾಗಿಯೂ ಹಠಾತ್ ಸಾವು. ಇಷ್ಟಕ್ಕೇ ಎಷ್ಟೋ ಕಾರಣಗಳು ಪಟ್ಟಿಯಿಂದ ಹೊರಗೆ ಹೋದವು.

ಸತ್ತ ಮೈಯ ಬಣ್ಣ ನಂಬಬೇಡಿ

ದೊಡ್ಡಮ್ಮ ತೋರಿಸಿದ ಕಪ್ಪು ನಿಜ. ಹುಂಜದ ಎಡ ಮಗ್ಗುಲು, ನೆಲಕ್ಕೆ ತಾಗಿದ್ದ ಕಡೆ, ಚರ್ಮ ನೇರಳೆಗಪ್ಪಾಗಿತ್ತು. ಆದರೆ ಇದು ವಿಷದ ಗುರುತಲ್ಲ. ಗುಂಡಿಗೆ ನಿಂತ ಮೇಲೆ ರಕ್ತ ಓಡುವುದಿಲ್ಲ. ಲೋಟದ ಕಾಫಿಯಲ್ಲಿ ಗಸಿ ತಳಕ್ಕೆ ಇಳಿಯುವ ಹಾಗೆ ರಕ್ತ ಮೈಯ ಕೆಳಭಾಗಕ್ಕೆ ಇಳಿದು ನಿಲ್ಲುತ್ತದೆ. ಯಾವ ಮಗ್ಗುಲಿಗೆ ಬಿದ್ದಿರುತ್ತದೋ ಆ ಮಗ್ಗುಲು ಕಪ್ಪಾಗುತ್ತದೆ. ಹಾವು ಕಚ್ಚಿದ ಕೋಳಿಗೂ ಹಾಗೇ, ಬಿಸಿಲಿಗೆ ಸತ್ತ ಕೋಳಿಗೂ ಹಾಗೇ.

ಹೊಟ್ಟೆ ಹಸಿರಾಗುವುದೂ ಇನ್ನೊಂದು ಮೋಸ. ಅದು ಒಳಗೆ ಕೊಳೆಯುವುದು ಶುರುವಾದ ಗುರುತು. ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ, ನಮಗಿಂತ ನಾಲ್ಕು ಡಿಗ್ರಿ ಜಾಸ್ತಿ. ಮೇಲೆ ಗರಿಗಳ ಕಂಬಳಿ ಬೇರೆ. ಸತ್ತ ಮೇಲೂ ಒಳಗೆ ಬೇಗ ಆರುವುದಿಲ್ಲ, ಹಾಗಾಗಿ ಬೇಗ ಕೊಳೆಯುತ್ತದೆ. ಅದನ್ನು ನೋಡಿ "ಪಾಷಾಣ ತಿಂದು ಹೊಟ್ಟೆ ಹಸಿರಾಗಿದೆ" ಅಂತ ಪಕ್ಕದ ತೋಟದವರ ಮೇಲೆ ಜಗಳಕ್ಕೆ ಹೋಗುವವರನ್ನು ನಾನೇ ಕಂಡಿದ್ದೇನೆ.

ಜುಟ್ಟಿನ ಬಣ್ಣಕ್ಕೂ ಇದೇ ಮಾತು. ಸತ್ತ ಮೇಲೆ ಜುಟ್ಟು ಕಪ್ಪಾಗುವುದು ಸಹಜ. ಬದುಕಿರುವ ಕೋಳಿಯ ಜುಟ್ಟು ನೀಲಿಗಟ್ಟಿದ್ದರೆ ಮಾತ್ರ ಅದು ಸುಳಿವು. ಅದಕ್ಕೇ ಡಾಕ್ಟರು ಮೊದಲು ಕೇಳುವುದು ಬದುಕಿದ್ದಾಗ ಏನು ನೋಡಿದಿರಿ ಅಂತ.

ಒಂದೇ ಸತ್ತಿತಾ, ಇನ್ನೂ ಸತ್ತಿವೆಯಾ?

ಕರೆಂಟ್ ಹೋದಾಗ ನಾವು ಏನು ಮಾಡುತ್ತೇವೆ? ಹೊರಗೆ ಬಂದು ಪಕ್ಕದ ಮನೆ ನೋಡುತ್ತೇವೆ. ನಮ್ಮ ಮನೆಯದು ಮಾತ್ರ ಹೋಗಿದ್ದರೆ ಫ್ಯೂಸ್ ನೋಡಬೇಕು. ಬೀದಿಗೇ ಹೋಗಿದ್ದರೆ ಟ್ರಾನ್ಸ್‌ಫಾರ್ಮರ್ ಕಡೆ ಯೋಚನೆ ಹೋಗುತ್ತದೆ. ಕೋಳಿ ಸತ್ತಾಗಲೂ ಮೊದಲ ಲೆಕ್ಕ ಇದೇ. ಒಂದೇ ಸತ್ತು ಉಳಿದವು ಚೆನ್ನಾಗಿದ್ದರೆ ಗುಂಡಿಗೆ, ಹಾವು, ಒಂದು ಕೋಳಿ ಮಾತ್ರ ತಿಂದ ವಿಷ ಇಂಥ ಒಂಟಿ ಕಾರಣಗಳು ಮುಂದೆ ಬರುತ್ತವೆ. ಎರಡು ಮೂರು ದಿನದಲ್ಲಿ ನಾಲ್ಕೈದು ಬಿದ್ದರೆ, ಪಕ್ಕದ ಮನೆಯಲ್ಲೂ ಬಿದ್ದರೆ, ಅದು ಅಂಟುರೋಗ ಅಂತಲೇ ಹಿಡಿದು ನಡೆಯಬೇಕು. ಒಂದೇ ಹೊತ್ತಿನಲ್ಲಿ ಹತ್ತಾರು ಬಿದ್ದು ಆಮೇಲೆ ನಿಂತುಹೋದರೆ ವಿಷ ಅಥವಾ ವಿಪರೀತ ಸೆಕೆಯ ಮೇಲೆ ಅನುಮಾನ ಜಾಸ್ತಿ.

ಇಲ್ಲೊಂದು ಎಚ್ಚರ ಬೇಕು. ಅಂಟುರೋಗದಲ್ಲೂ ಮೊದಲು ಸಾಯುವುದು ಒಂದೇ. ಇವತ್ತು ಒಂಟಿ ಸಾವು ಅಂತ ಕಂಡಿದ್ದು ಮೂರನೇ ದಿನಕ್ಕೆ ಬೇರೆಯಾಗಿ ಕಾಣಬಹುದು. ಹಾಗಾಗಿ ಮೊದಲನೇ ದಿನದಿಂದಲೇ ಬರೆದಿಡಿ: ಯಾವತ್ತು, ಯಾವ ಕೋಳಿ, ಎಷ್ಟು ವಯಸ್ಸು, ಹಿಕ್ಕೆ ಯಾವ ಬಣ್ಣ, ಕಳೆದ ತಿಂಗಳಲ್ಲಿ ಸಂತೆಯಿಂದ ಹೊಸ ಕೋಳಿ ಬಂದಿದೆಯಾ, ಹತ್ತಿರದ ಹೊಲಕ್ಕೆ ಔಷಧಿ ಹೊಡೆದಿದ್ದಾರಾ. ನಮ್ಮ ಮನೆಯಲ್ಲಿ ಅಮ್ಮ ಇದನ್ನೆಲ್ಲ ಗೋಡೆ ಕ್ಯಾಲೆಂಡರ್ ಮೇಲೆ ಬರೆಯುತ್ತಾರೆ. ಹುಂಜ ಸಾಯುವ ಹದಿನೆಂಟು ದಿನ ಮುಂಚೆ ಅಲ್ಲಿ ‘2 ಹ್ಯಾಟೆ, ಸಂತೆ’ ಅಂತ ಇತ್ತು. ಆಗ ಅದು ಯಾರ ಗಮನಕ್ಕೂ ಬರಲಿಲ್ಲ.

ಊರಿಗೂರೇ ಖಾಲಿ ಮಾಡುವ ಕೊಕ್ಕರೆ ರೋಗ

ನಮ್ಮ ಕಡೆ "ಕೋಳಿಗೆ ಬ್ಯಾನೆ ಬಿತ್ತು" ಅಂದರೆ ಬಹಳ ಸಲ ಅದು ಕೊಕ್ಕರೆ ರೋಗವೇ. ಇಲಾಖೆಯ ಕಾಗದಗಳಲ್ಲಿ ರಾಣಿಖೇತ್ ರೋಗ ಅಂತಲೂ ಇರುತ್ತದೆ. ಇದು ವೈರಸ್‌ನಿಂದ ಬರುತ್ತದೆ. 1926ರಲ್ಲಿ ಇಂಡೋನೇಷ್ಯಾದ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಇದನ್ನು ಗುರುತಿಸಿದರು. ಅದೇ ಹೊತ್ತಿನಲ್ಲಿ ನಮ್ಮ ದೇಶದಲ್ಲಿ ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲಿ ಕಂಡಿತು. ಆ ಊರಿನ ಹೆಸರೇ ರೋಗಕ್ಕೆ ಉಳಿಯಿತು.

ವೈರಸ್ ಮೈಗೆ ಹೊಕ್ಕ ಮೇಲೆ ಕಾಯಿಲೆ ಕಾಣಿಸಲು ಸುಮಾರು 2ರಿಂದ 15 ದಿನ ಬೇಕು. ಬಾಯಿ ತೆರೆದು ಏದುಸಿರು ಬಿಡುತ್ತವೆ. ಹಸಿರು ನೀರಿನಂಥ ಹಿಕ್ಕೆ ಹಾಕುತ್ತವೆ. ರೆಕ್ಕೆ ಜೋತುಬೀಳುತ್ತದೆ. ಕೆಲವು ಕುತ್ತಿಗೆ ತಿರುಚಿಕೊಂಡು ಆಕಾಶ ನೋಡುತ್ತಾ ಸುತ್ತುತ್ತವೆ. ರೋಗ ಜೋರಾಗಿದ್ದರೆ ಇದ್ಯಾವುದೂ ಕಾಣುವ ಮುಂಚೆಯೇ ಸಾಯುತ್ತವೆ. ಲಸಿಕೆ ಹಾಕದ ಹಿಂಡಿನಲ್ಲಿ ನೂರಕ್ಕೆ ತೊಂಬತ್ತು ಸತ್ತರೂ ಆಶ್ಚರ್ಯ ಇಲ್ಲ.

ಬಂದ ಮೇಲೆ ಇದಕ್ಕೆ ಔಷಧಿ ಇಲ್ಲ. ಆಂಟಿಬಯಾಟಿಕ್ ಪುಡಿ ವೈರಸ್ ಮೇಲೆ ಕೆಲಸ ಮಾಡುವುದಿಲ್ಲ. ಅಂಗಡಿಯಿಂದ ತಂದು ನೀರಿಗೆ ಹಾಕಿ ದುಡ್ಡು ಕಳೆದುಕೊಳ್ಳಬೇಡಿ. ತಡೆಯುವುದು ಲಸಿಕೆ ಮಾತ್ರ. ಮರಿ 5ರಿಂದ 7 ದಿನದ್ದಿದ್ದಾಗ ಕಣ್ಣಿಗೋ ಮೂಗಿಗೋ ಒಂದು ಹನಿ. ಸುಮಾರು 8 ವಾರಕ್ಕೆ ರೆಕ್ಕೆಯ ಚರ್ಮದ ಅಡಿಗೆ ಇಂಜೆಕ್ಷನ್. ಒಂದು ಸೀಸೆ ಒಡೆದರೆ ನೂರಕ್ಕೂ ಜಾಸ್ತಿ ಕೋಳಿಗೆ ಆಗುತ್ತದೆ, ಒಡೆದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ನಾಲ್ಕು ಕೋಳಿ ಇರುವ ಒಂದು ಮನೆಗೆ ಇದು ಕಷ್ಟ. ಬೀದಿಯ ಎಲ್ಲ ಮನೆಯವರೂ ಮಾತಾಡಿಕೊಂಡು ಒಂದೇ ದಿನ ಹಾಕಿಸಿದರೆ ಸುಲಭ.

ಹಕ್ಕಿಜ್ವರ ಅಂತ ಯಾವಾಗ ಅನುಮಾನ ಪಡಬೇಕು?

ಭಾರತದಲ್ಲಿ ಹಕ್ಕಿಜ್ವರ ಮೊದಲು ಕಂಡಿದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ನಮ್ಮ ರಾಜ್ಯದಲ್ಲಿ 2012ರಲ್ಲಿ ಹೆಸರಘಟ್ಟ, 2020ರಲ್ಲಿ ಮೈಸೂರು, 2025ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೋಳಿಗಳಲ್ಲಿ ಕಂಡಿದೆ. ಹಾಗಾಗಿ ಚಿಕ್ಕಪ್ಪನ ಮಗನ ಭಯ ಸುಳ್ಳಲ್ಲ. ಆದರೆ ಅವನು ಹೇಳಿದ ಉಪಾಯ ಅಪಾಯಕಾರಿ.

ಈ ರೋಗ ಜೋರಾಗಿ ಬಂದರೆ ಒಂದೆರಡು ದಿನದಲ್ಲಿ ಹಿಂಡಿನ ಬಹುಪಾಲು ನೆಲಕ್ಕೆ ಬೀಳುತ್ತದೆ. ಮುಖ ಊದುತ್ತದೆ, ಜುಟ್ಟು ನೀಲಿಯಾಗುತ್ತದೆ, ಗರಿ ಇಲ್ಲದ ಕಾಲಿನ ಮೇಲೆ ಕೆಂಪು ರಕ್ತದ ಚುಕ್ಕೆ ಏಳುತ್ತದೆ. ಕೊಕ್ಕರೆ ರೋಗವೂ ಹೀಗೇ ಕಾಣಬಹುದು. ಅನುಭವ ಇರುವ ಡಾಕ್ಟರಿಗೂ ಬರೀ ಕಣ್ಣಿನಿಂದ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಮಾದರಿ ಭೋಪಾಲ್‌ನಲ್ಲಿರುವ ಕೇಂದ್ರ ಸರ್ಕಾರದ ಉನ್ನತ ಭದ್ರತೆಯ ಪ್ರಾಣಿರೋಗ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿ ಖಚಿತವಾದರೆ ಸುತ್ತ 1 ಕಿಲೋಮೀಟರ್ ಒಳಗಿನ ಕೋಳಿಗಳನ್ನು ಕೊಂದು ಹೂಳುತ್ತಾರೆ, 10 ಕಿಲೋಮೀಟರ್‌ವರೆಗೆ ನಿಗಾ ಇಡುತ್ತಾರೆ. ಹೀಗೆ ಕೊಂದ ಕೋಳಿಗೆ ಸರ್ಕಾರ ಪರಿಹಾರ ಕೊಡುತ್ತದೆ.

ಚೆನ್ನಾಗಿ ಬೇಯಿಸಿದ ಮಾಂಸದಲ್ಲಿ ವೈರಸ್ ಉಳಿಯುವುದಿಲ್ಲ, 70 ಡಿಗ್ರಿ ಬಿಸಿಗೇ ಸಾಯುತ್ತದೆ. ಅಪಾಯ ಇರುವುದು ಅದಕ್ಕೆ ಮುಂಚೆ. ಕಾಯಿಲೆ ಕೋಳಿಯನ್ನು ಹಿಡಿಯುವಾಗ, ಕುಯ್ಯುವಾಗ, ಪುಕ್ಕ ತರಿಯುವಾಗ ರಕ್ತ, ಎಂಜಲು, ಹಿಕ್ಕೆಯ ಧೂಳು ನಮ್ಮ ಕಣ್ಣು ಮೂಗಿಗೆ ಬರುತ್ತದೆ. ಸುಸ್ತಾದ ಕೋಳಿಯನ್ನು ‘ಸಾಯೋದ್ರೊಳಗೆ’ ಕುಯ್ಯುವುದು ಅಂದರೆ ಆ ಅಪಾಯವನ್ನು ಅಡುಗೆಮನೆಗೇ ಕರೆದ ಹಾಗೆ.

ಮಲೆನಾಡಿನವರಿಗೆ ಈ ಯೋಚನೆ ಹೊಸದಲ್ಲ. ಕೊಪ್ಪ, ನರಸಿಂಹರಾಜಪುರ ಕಡೆ ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಯಾರೂ ಮುಟ್ಟುವುದಿಲ್ಲ, ಆರೋಗ್ಯ ಇಲಾಖೆಗೆ ಸುದ್ದಿ ಕೊಡುತ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಪತ್ತೆಯಾಗಿದ್ದೂ ಸತ್ತ ಮಂಗಗಳ ಕಡೆ ಗಮನ ಕೊಟ್ಟಿದ್ದರಿಂದಲೇ. ಸತ್ತ ಕೋಳಿಗಳ ಸುದ್ದಿಯೂ ಅಷ್ಟೇ ಮುಖ್ಯ.

ತೋಟದ ಔಷಧಿ, ಇಲಿ ಪಾಷಾಣ, ಹಾವು, ಬಿಸಿಲು

ಕೋಳಿಗೆ ಹಲ್ಲಿಲ್ಲ. ಕಾಳು ಅರೆಯಲು ಸಣ್ಣ ಕಲ್ಲು, ಮರಳು ನುಂಗಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಹರಳು ರೂಪದ ಕೀಟನಾಶಕ ನೆಲದ ಮೇಲೆ ಚೆಲ್ಲಿದ್ದರೆ ಅದನ್ನೂ ಕಲ್ಲು ಅಂತಲೇ ಹೆಕ್ಕುತ್ತದೆ. ಶುಂಠಿ ಹಾಕಿದ ಗದ್ದೆ ಪಕ್ಕದಲ್ಲಿ, ಕಾಫಿ ತೋಟದ ಅಂಚಿನಲ್ಲಿ ಕೋಳಿ ಬಿಡುವವರು ಇದನ್ನು ನೆನಪಿಡಬೇಕು. ಬಿತ್ತನೆ ಕಾಲದಲ್ಲಿ ಮುಸುಕಿನ ಜೋಳದ ಬೀಜ ಗುಲಾಬಿ, ಕೆಂಪು ಬಣ್ಣದಲ್ಲಿ ಇರುತ್ತದೆ ಅಲ್ವಾ? ಆ ಬಣ್ಣ ಔಷಧಿ ಲೇಪಿಸಿದ ಗುರುತು. ಕೀಟನಾಶಕ ತಿಂದ ಕೋಳಿ ಜೊಲ್ಲು ಸುರಿಸುತ್ತದೆ, ತೂರಾಡುತ್ತದೆ, ಒದ್ದಾಡಿ ಸಾಯುತ್ತದೆ. ಗೂಡಿನ ನೆಲದಲ್ಲಿ ಕಾಲು ಕೆರೆದ, ರೆಕ್ಕೆ ಬಡಿದ ಗುರುತು ಇರುತ್ತದೆ.

ಇಲಿಗೆ ಇಡುವ ಕಪ್ಪು ಪುಡಿ, ಅಂದರೆ ಜಿಂಕ್ ಫಾಸ್ಫೈಡ್, ಹೊಟ್ಟೆಯ ಆಮ್ಲಕ್ಕೆ ಸೇರಿದ ಕೂಡಲೇ ವಿಷದ ಗಾಳಿ ಬಿಡುತ್ತದೆ. ಸತ್ತ ಕೋಳಿಯ ಬಾಯಿಂದ ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ ಬರುತ್ತದೆ. ಆ ಗಾಳಿ ಮನುಷ್ಯರಿಗೂ ವಿಷ. ಸುಮ್ನೆ ಕುತೂಹಲಕ್ಕೆ ಮನೆಯಲ್ಲೇ ಹೊಟ್ಟೆ ಸೀಳಿ ನೋಡಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

ಹಾವಿನ ವಿಷಯ. ಗೂಡಿಗೆ ಜಾಸ್ತಿ ಬರುವುದು ಕೇರೆ ಹಾವು, ಅದಕ್ಕೆ ವಿಷ ಇಲ್ಲ. ನಾಗರಹಾವು ಬರುವುದು ಮೊಟ್ಟೆಗೆ, ಮರಿಗೆ, ಇಲಿಗೆ. ದೊಡ್ಡ ಹುಂಜ ಎದುರಿಗೆ ಬಂದಾಗ ಕಚ್ಚಬಹುದು. ಗುರುತು ಬೇಕಾದರೆ ಗರಿ ಬಿಡಿಸಿ ತಲೆ, ಕುತ್ತಿಗೆ, ಕಾಲು ನೋಡಬೇಕು: ಚುಚ್ಚಿದ ಸಣ್ಣ ತೂತು, ಸುತ್ತ ಬಾವು.

ಬಿಸಿಲಿನ ಸಾವು ಕಡೂರು, ಅರಸೀಕೆರೆಯಂಥ ಬಯಲು ಸೀಮೆಯಲ್ಲಿ ಏಪ್ರಿಲ್ ತಿಂಗಳ ಕಥೆ. ಕೋಳಿಗೆ ಬೆವರು ಬರುವುದಿಲ್ಲ, ಬಾಯಿ ತೆರೆದು ಉಸಿರಾಡಿಯೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ತಗಡಿನ ಗೂಡು, ಬೈಕ್ ಮೇಲೆ ಗೋಣಿಚೀಲದಲ್ಲಿ ಕಟ್ಟಿ ತಂದ ಹುಂಜ, ಇವೆರಡೂ ಸಾಕು.

ಇನ್ನು ಗುಂಡಿಗೆ. ಬೇಗ ಬೆಳೆದು ಭಾರವಾಗುವ ತಳಿಗಳಲ್ಲಿ, ಅದರಲ್ಲೂ ಗಂಡುಗಳಲ್ಲಿ, ಗುಂಡಿಗೆ ಇದ್ದಕ್ಕಿದ್ದಂತೆ ನಿಲ್ಲುವುದುಂಟು. ಫಾರಂ ಕೋಳಿ ಸಾಕುವವರಿಗೆ ಇದು ಚೆನ್ನಾಗಿ ಗೊತ್ತು. ಒಂದು ಸಲ ಕಿರುಚಿ, ರೆಕ್ಕೆ ಬಡಿದು, ಅಂಗಾತ ಬಿದ್ದಿರುತ್ತವೆ. ನಾಟಿ ಹುಂಜಗಳಲ್ಲಿ ಇದು ಅಪರೂಪ.

ಆಸ್ಪತ್ರೆಗೆ ಒಯ್ಯುವುದು ಹೇಗೆ?

ಸತ್ತ ಕೋಳಿಯನ್ನು ಹಾಗೇ ಬಿಸಿಯಲ್ಲಿ ಬಿಟ್ಟರೆ ಅರ್ಧ ದಿನದಲ್ಲಿ ಒಳಗಿನ ಸುಳಿವೆಲ್ಲ ಕೊಳೆತುಹೋಗುತ್ತದೆ. ತಣ್ಣಗಿಟ್ಟರೆ ಒಂದು ದಿನದವರೆಗೆ ಪರೀಕ್ಷೆಗೆ ಬರುತ್ತದೆ. ಆದರೆ ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿಸಬಾರದು. ಒಳಗಿನ ನೀರು ಮಂಜಿನ ಹರಳಾಗಿ ಮಾಂಸದ ಎಳೆಗಳನ್ನು ಹರಿಯುತ್ತದೆ, ಆಮೇಲೆ ಸೂಕ್ಷ್ಮದರ್ಶಕದಲ್ಲಿ ಏನೂ ಗೊತ್ತಾಗುವುದಿಲ್ಲ.

ನಾವು ಮಾಡಿದ್ದು ಹೀಗೆ. ಮೊದಲು ಪಶು ಆಸ್ಪತ್ರೆಗೆ ಫೋನ್ ಮಾಡಿ ತರಬಹುದಾ ಅಂತ ಕೇಳಿದೆವು. ಇದನ್ನು ಬಿಡಬೇಡಿ. ಹಲವು ಕೋಳಿ ಒಟ್ಟಿಗೆ ಸತ್ತಿದ್ದರೆ ಅವರೇ ಬರುತ್ತಾರೆ, ನೀವು ಕೋಳಿ ಹೊತ್ತುಕೊಂಡು ಬಸ್ ಹತ್ತಬಾರದು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು. ತನ್ನಿ ಅಂದ ಮೇಲೆ ಹುಂಜದ ಗರಿಗೆ ಸೋಪಿನ ತಣ್ಣೀರು ಹಾಕಿ ನೆನೆಸಿದೆವು, ಗರಿ ಒದ್ದೆಯಾದರೆ ಮೈ ಬೇಗ ಆರುತ್ತದೆ. ಎರಡು ಪ್ಲಾಸ್ಟಿಕ್ ಚೀಲ, ಒಂದರೊಳಗೆ ಒಂದು. ಮೀನು ಮಾರುವವರ ಹತ್ತಿರ ಹಳೆ ಥರ್ಮಾಕೋಲ್ ಪೆಟ್ಟಿಗೆ, ಐಸ್ ಸಿಕ್ಕಿತು. ಅಮ್ಮ ಬರೆದ ಕ್ಯಾಲೆಂಡರ್ ಹಾಳೆಯ ಫೋಟೋ ತೆಗೆದುಕೊಂಡೆ.

ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇದೆ, ಜಾನುವಾರು ಮತ್ತು ಕೋಳಿ ರೋಗಗಳ ಪರೀಕ್ಷೆ ಅಲ್ಲಿ ನಡೆಯುತ್ತದೆ. ಯಾವ ಮಾದರಿ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಸ್ಥಳೀಯ ಡಾಕ್ಟರೇ ತೀರ್ಮಾನ ಮಾಡುತ್ತಾರೆ.

ಹೊಟ್ಟೆ ತೆರೆದಾಗ ಕಂಡಿದ್ದು

ಕೋಳಿಯ ಪೋಸ್ಟ್‌ಮಾರ್ಟಂಗೆ ಅರ್ಧ ಗಂಟೆ ಸಾಕು. ಡಾಕ್ಟರು ಮೊದಲು ಹೊರಗೆಲ್ಲ ನೋಡಿದರು: ಕಣ್ಣು, ಬಾಯಿ, ಗರಿ ಬಿಡಿಸಿ ಚರ್ಮ, ಕಾಲಿನ ಅಡಿ. ತೂತು ಇರಲಿಲ್ಲ, ಬಾವು ಇರಲಿಲ್ಲ. ಆಮೇಲೆ ಎದೆ ಮೂಳೆ ಎತ್ತಿದರು. ಪ್ರತಿಯೊಂದು ಅಂಗ ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ಉಸಿರಿನ ಕೊಳವೆಯಲ್ಲಿ ರಕ್ತ ಇದೆಯಾ? ಕಲ್ಲು ತುಂಬಿದ ಅರೆಯುವ ಹೊಟ್ಟೆಗೆ ಮುಂಚೆ ರಸ ಬಿಡುವ ಇನ್ನೊಂದು ಚಿಕ್ಕ ಹೊಟ್ಟೆ ಇದೆ. ಅದರ ಒಳಗೋಡೆಯ ಸಣ್ಣ ಗುಳ್ಳೆಗಳ ತುದಿಯಲ್ಲಿ ರಕ್ತದ ಚುಕ್ಕೆ ಇದ್ದರೆ ಕೊಕ್ಕರೆ ರೋಗದ ಅನುಮಾನ ಬಲವಾಗುತ್ತದೆ. ನಮ್ಮದರಲ್ಲಿ ಅದು ಬೆಳ್ಳಗೆ ಶುಭ್ರವಾಗಿತ್ತು. ಕುತ್ತಿಗೆ ಚೀಲದಲ್ಲಿ ನುಚ್ಚು, ಎರಡು ಎರೆಹುಳ, ಹುಲ್ಲಿನ ಚೂರು. ಬಣ್ಣದ ಬೀಜ ಇಲ್ಲ, ಹರಳಿಲ್ಲ, ಬೆಳ್ಳುಳ್ಳಿ ವಾಸನೆ ಇಲ್ಲ.

ಗುಂಡಿಗೆಯ ಮೇಲಿನ ಕೊಬ್ಬಿನಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ಕೆಂಪು ಚುಕ್ಕೆಗಳಿದ್ದವು. ಲಿವರ್ ಊದಿತ್ತು. ಅದರ ತುಂಬ ರಾಗಿ ಕಾಳಿಗಿಂತ ಸಣ್ಣ ಬಿಳಿ ಚುಕ್ಕೆ, ಯಾರೋ ಮೈದಾ ಚಿಮುಕಿಸಿದ ಹಾಗೆ. ಡಾಕ್ಟರು ಲಿವರ್‌ನ ಒಂದು ಚೂರನ್ನು ಗಾಜಿನ ಪಟ್ಟಿಗೆ ಒತ್ತಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನನ್ನನ್ನೂ ಕರೆದು ತೋರಿಸಿದರು. ಪುಟ್ಟ ಪುಟ್ಟ ಕಡ್ಡಿಗಳು. ಎರಡು ತುದಿಯಲ್ಲಿ ಗಾಢ ಬಣ್ಣ, ನಡುವೆ ಖಾಲಿ. ಸೇಫ್ಟಿ ಪಿನ್ ಇಟ್ಟ ಹಾಗೆ.

"ಕೋಳಿ ಕಾಲರಾ ಇರಬೇಕು" ಅಂದರು. ಗಟ್ಟಿ ಮಾಡಿಕೊಳ್ಳಲು ಮಾದರಿ ಕಳಿಸಿದರು. ನಾಲ್ಕು ದಿನದ ಮೇಲೆ ಅದೇ ಉತ್ತರ ಬಂತು.

ಕೋಳಿ ಕಾಲರಾ ಅಂದರೆ

ಹೆಸರು ಕೇಳಿ ಹೆದರಬೇಡಿ. ಮನುಷ್ಯರಿಗೆ ಬರುವ ಕಾಲರಾಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇದು ಪಾಶ್ಚುರೆಲ್ಲಾ ಅನ್ನುವ ಬ್ಯಾಕ್ಟೀರಿಯಾದಿಂದ ಬರುವ ರೋಗ. ಮಳೆಗಾಲದಲ್ಲಿ ಎಮ್ಮೆ, ದನಗಳಿಗೆ ಬರುವ ಗಳಲೆ ರೋಗ ಗೊತ್ತಲ್ಲ? ಅದನ್ನು ತರುವುದೂ ಇದೇ ಜಾತಿಯ ಬ್ಯಾಕ್ಟೀರಿಯಾ, ಬಗೆ ಮಾತ್ರ ಬೇರೆ. ಈ ಬ್ಯಾಕ್ಟೀರಿಯಾಕ್ಕೆ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ಹೆಸರು ಬಂದಿದ್ದಕ್ಕೂ ಕೋಳಿಯೇ ಕಾರಣ. 1879-80ರಲ್ಲಿ ಅವರು ಇದೇ ರೋಗದ ಮೇಲೆ ಕೆಲಸ ಮಾಡುತ್ತಿದ್ದರು. ಹಳೆಯದಾಗಿ ಬಲ ಕುಂದಿದ ಬ್ಯಾಕ್ಟೀರಿಯಾ ಚುಚ್ಚಿದ ಕೋಳಿಗಳು ಆಮೇಲೆ ರೋಗಕ್ಕೆ ಜಗ್ಗಲಿಲ್ಲ. ಪ್ರಯೋಗಾಲಯದಲ್ಲಿ ರೋಗಾಣುವಿನ ಬಲ ಕುಗ್ಗಿಸಿ ಲಸಿಕೆ ಮಾಡುವ ದಾರಿ ಅಲ್ಲಿಂದ ತೆರೆಯಿತು.

ಈ ರೋಗ ಮರಿಗಳಿಗಿಂತ ಬೆಳೆದ ಕೋಳಿಗಳಿಗೆ ಜಾಸ್ತಿ. ಹೊಟ್ಟೆ ತುಂಬ ತಿಂದು, ಗಟ್ಟಿಮುಟ್ಟಾಗಿದ್ದ ಕೋಳಿ ರಾತ್ರಿ ಕಳೆಯುವುದರೊಳಗೆ ಸಾಯುವುದು ಇದರ ಹಳೆಯ ಲಕ್ಷಣ. ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಿ, ಅಲ್ಲೇ ಬೆಳೆದು, ಮೈಯೆಲ್ಲ ನಂಜಾಗಿಬಿಡುತ್ತದೆ. ಹಾಗಾಗಿ ಕೋಳಿ ಸೊರಗಲು ಸಮಯವೇ ಇರುವುದಿಲ್ಲ. ರೋಗ ನಿಧಾನವಾದ ಕೋಳಿಗಳಲ್ಲಿ ಗದ್ದದ ಕೆಳಗೆ ಜೋಲುವ ಕೆಂಪು ಚರ್ಮ ಊದುತ್ತದೆ, ಕೀಲು ಊದಿ ಕುಂಟುತ್ತವೆ.

ಎಲ್ಲಿಂದ ಬಂತು? ಒಮ್ಮೆ ರೋಗ ಬಂದು ಗುಣವಾದ ಕೋಳಿ ಮೂಗು ಗಂಟಲಲ್ಲಿ ಬ್ಯಾಕ್ಟೀರಿಯಾ ಇಟ್ಟುಕೊಂಡೇ ಬಹಳ ಕಾಲ ಓಡಾಡುತ್ತದೆ. ನೋಡಲು ಏನೂ ಆಗಿರುವುದಿಲ್ಲ. ಅದು ಕುಡಿದ ನೀರಿನ ಬಟ್ಟಲಲ್ಲಿ ಬೇರೆ ಕೋಳಿ ಕುಡಿದರೆ ಸಾಕು. ಇಲಿಗಳೂ ಹೊತ್ತು ತರುತ್ತವೆ, ಬೆಕ್ಕಿನ ಬಾಯಲ್ಲೂ ಇರುತ್ತದೆ. ಮಳೆಗಾಲದ ಥಂಡಿ, ಒದ್ದೆ ಗೂಡು, ಹೊಸ ಕೋಳಿಗಳ ಜೊತೆ ಜಗಳ, ಇದರಿಂದ ಕೋಳಿಯ ಶಕ್ತಿ ಕುಗ್ಗಿದಾಗ ರೋಗ ಮೇಲೇಳುತ್ತದೆ. ಡಾಕ್ಟರು ನನ್ನ ಮೊಬೈಲ್‌ನಲ್ಲಿದ್ದ ಕ್ಯಾಲೆಂಡರ್ ಫೋಟೋ ದೊಡ್ಡದು ಮಾಡಿ ನೋಡಿ, ‘2 ಹ್ಯಾಟೆ, ಸಂತೆ’ ಅನ್ನುವ ಕಡೆ ಬೆರಳಿಟ್ಟರು. ಆ ಹ್ಯಾಟೆಗಳೇ ತಂದವು ಅಂತ ಖಚಿತವಾಗಿ ಹೇಳಲು ಆಗುವುದಿಲ್ಲ ಅಂತಲೂ ಅವರೇ ಹೇಳಿದರು.

ಇದು ಬ್ಯಾಕ್ಟೀರಿಯಾ ಆಗಿದ್ದರಿಂದ ಔಷಧಿ ಇತ್ತು. ಉಳಿದ ಕೋಳಿಗಳಿಗೆ ಅವರು ಬರೆದುಕೊಟ್ಟ ಔಷಧಿಯನ್ನು ಅಷ್ಟೂ ದಿನ ನೀರಿನಲ್ಲಿ ಕೊಟ್ಟೆವು. ಆ ದಿನಗಳಲ್ಲೂ ಆಮೇಲೆ ಅವರು ಹೇಳಿದಷ್ಟು ದಿನವೂ ಮೊಟ್ಟೆ ತಿನ್ನಲಿಲ್ಲ, ಔಷಧಿಯ ಅಂಶ ಮೊಟ್ಟೆಗೆ ಇಳಿದಿರುತ್ತದೆ. ಒಂದು ಹ್ಯಾಟೆಯ ಗದ್ದ ಊದಿತ್ತು, ವಾರದಲ್ಲಿ ಇಳಿಯಿತು. ಉಳಿದ ಏಳೂ ಬದುಕಿದವು. ಬರೀ ಊಹೆಯ ಮೇಲೆ ಹಾವು ಅಂದುಕೊಂಡಿದ್ದರೆ ಗೂಡಿನ ಸುತ್ತ ಬಲೆ ಕಟ್ಟಿ ಸುಮ್ಮನಾಗುತ್ತಿದ್ದೆವು.

ಸತ್ತ ಕೋಳಿಯನ್ನು ತಿಪ್ಪೆಗೆ ಎಸೆದರೆ?

ಇದು ನಮ್ಮ ಕಡೆ ಬಹಳ ಮನೆಗಳಲ್ಲಿ ನಡೆಯುವ ಕೆಲಸ. ತಿಪ್ಪೆಗೆ, ಹಳ್ಳಕ್ಕೆ, ತೋಟದ ಬೇಲಿಯಾಚೆಗೆ ಎಸೆಯುತ್ತಾರೆ. ನಾಯಿ ಎಳೆದುಕೊಂಡು ಊರೆಲ್ಲ ಸುತ್ತುತ್ತದೆ. ಹಳ್ಳದ ನೀರು ಕೆಳಗಿನ ಊರಿನ ಕೋಳಿಗೂ ಹೋಗುತ್ತದೆ. ಇನ್ನೊಂದು ಅಪಾಯ ಬಹಳ ಜನರಿಗೆ ಗೊತ್ತಿಲ್ಲ. ಕೊಳೆತ ಕೋಳಿಯೊಳಗೆ ಗಾಳಿ ಇಲ್ಲದ ಕಡೆ ಬೆಳೆಯುವ ಒಂದು ಬ್ಯಾಕ್ಟೀರಿಯಾ ಭಾರೀ ವಿಷ ಮಾಡುತ್ತದೆ, ಆ ವಿಷದಿಂದ ಬರುವ ಕಾಯಿಲೆಗೇ ಬಾಟುಲಿಸಂ ಅನ್ನುವುದು. ಹುಳಗಳು ಆ ವಿಷವನ್ನು ಮೈತುಂಬ ತುಂಬಿಕೊಳ್ಳುತ್ತವೆ, ಅವಕ್ಕೆ ಏನೂ ಆಗುವುದಿಲ್ಲ. ತಿಪ್ಪೆ ಕೆದಕಿ ಆ ಹುಳ ತಿಂದ ಕೋಳಿಯ ಕುತ್ತಿಗೆ ಹಗ್ಗದ ಹಾಗೆ ಜೋತು ಬೀಳುತ್ತದೆ, ಕಾಲು ಏಳುವುದಿಲ್ಲ, ಉಸಿರು ನಿಲ್ಲುತ್ತದೆ. ಒಂದು ಕೋಳಿಯ ಸಾವು ಹೀಗೆ ಇನ್ನೊಂದಕ್ಕೆ ದಾರಿ ಮಾಡುತ್ತದೆ.

ಹೂಳಿ. ಕನಿಷ್ಠ ಮೂರು ಅಡಿ ಆಳ. ಬಾವಿ, ಬೋರ್‌ವೆಲ್, ಹಳ್ಳದಿಂದ ದೂರ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಎರಡು ಅಡಿಗೇ ನೀರು ಒಸರುತ್ತದೆ, ಹಾಗಾಗಿ ಎತ್ತರದ ಜಾಗ ನೋಡಿ. ಮೇಲೆ ಸುಣ್ಣ ಚೆಲ್ಲಿ ಮಣ್ಣು ಮುಚ್ಚಿ, ನಾಯಿ ಕೆದಕದ ಹಾಗೆ ಕಲ್ಲು ಹೇರಿ. ಕೈಕಾಲು ಸೋಪು ಹಚ್ಚಿ ತೊಳೆದುಕೊಳ್ಳಿ, ಚಪ್ಪಲಿಯ ಅಡಿಯನ್ನೂ ಉಜ್ಜಿ ತೊಳೆಯಿರಿ. ಗೂಡಿನ ಹಳೆ ಹೊಟ್ಟು, ತೌಡು ತೆಗೆದು ಸುಟ್ಟು, ನೆಲಕ್ಕೆ ಸುಣ್ಣ ಹೊಡೆದು, ಬಿಸಿಲಿಗೆ ಒಣಗಲು ಬಿಡಿ.

ಹೊಸ ಕೋಳಿ ತಂದರೆ ಎರಡು ಮೂರು ವಾರ ಬೇರೆ ಪಂಜರ, ಬೇರೆ ನೀರಿನ ಬಟ್ಟಲು. ಹಳೆಯ ಕೋಳಿಗಳಿಗೆ ಮೊದಲು ಮೇವು ಹಾಕಿ, ಆಮೇಲೆ ಹೊಸದರ ಹತ್ತಿರ ಹೋಗಬೇಕು. ಎರಡು ವಾರಕ್ಕಿಂತ ಕಡಿಮೆ ಮಾಡಬಾರದು, ಕೊಕ್ಕರೆ ರೋಗ ಒಳಗಿದ್ದರೆ ಸಾಮಾನ್ಯವಾಗಿ ಅಷ್ಟರಲ್ಲಿ ಹೊರಗೆ ಕಾಣುತ್ತದೆ. ಕೋಳಿ ಕಾಲರಾ ಹೊತ್ತ ಹಕ್ಕಿಯನ್ನು ಈ ಉಪಾಯ ಹಿಡಿಯುವುದಿಲ್ಲ. ಅದಕ್ಕೆ ನಂಬಿಕೆಯ ಮನೆಯಿಂದ ಮರಿ ತರುವುದೇ ಸರಿ ಅಂತ ನನಗೆ ಅನ್ನಿಸುತ್ತದೆ.

ಅಮ್ಮ ಈ ಸಲ ಸಂತೆಗೆ ಹೋಗಲಿಲ್ಲ. ದೊಡ್ಡಮ್ಮನ ಮನೆಯ ಹ್ಯಾಟೆ ಮರಿ ಮಾಡಿತ್ತು, ಅದರಲ್ಲಿ ಎರಡು ತಂದರು. ಒಂದಕ್ಕೆ ಜುಟ್ಟು ಮೂಡುತ್ತಿದೆ, ಹುಂಜವೇ ಇರಬೇಕು. ಕ್ಯಾಲೆಂಡರ್‌ನಲ್ಲಿ ಎಂಟನೇ ವಾರದ ಚೌಕಕ್ಕೆ ಸುತ್ತು ಹಾಕಿ ‘ರೆಕ್ಕೆ ಇಂಜೆಕ್ಷನ್’ ಅಂತ ಬರೆದಿದ್ದಾರೆ. ಆ ದಿನಕ್ಕೆ ಬೀದಿಯ ಹನ್ನೊಂದು ಮನೆಯವರು ತಮ್ಮ ಕೋಳಿಗಳ ಲೆಕ್ಕ ಕೊಟ್ಟಿದ್ದಾರೆ.